ಬೆಳಗಿನ ಜಾವದ ಈಜು, ಗಣಿತದ 58

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ 14 ವರ್ಷ, ಒಂಬತ್ತನೇ ತರಗತಿ. 200 ಮತ್ತು 400 ಮೀಟರ್ ಫ್ರೀಸ್ಟೈಲ್ ಈಜುತ್ತಾಳೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 5ರಿಂದ 7, ಬುಧವಾರ ಬಿಟ್ಟು ಸಂಜೆ 4.30ರಿಂದ 6.30, ಶನಿವಾರ ಬೆಳಗ್ಗೆ ಮೂರು ಗಂಟೆ ಕಾಲ ಪ್ರ್ಯಾಕ್ಟೀಸ್. ಈಜುಕೊಳಕ್ಕೆ ಹೋಗಿಬರಲು ಪ್ರತಿಸಲ ಒಂದು ಗಂಟೆ. ರಾತ್ರಿ 7.30ರಿಂದ 9 ಟ್ಯೂಷನ್, ಊಟ ಮಾಡಿ ಹೋಮ್‌ವರ್ಕ್ ಮುಗಿಸುವಾಗ 11. ಮತ್ತೆ 4.15ಕ್ಕೆ ಅಲಾರಂ. ಕಳೆದ ವರ್ಷ ಗಣಿತದಲ್ಲಿ 82 ಬಂದಿತ್ತು, ಈ ಸಲ 58. ತರಗತಿಯಲ್ಲಿ ತೂಕಡಿಸುತ್ತಾಳೆ ಎಂದು ಟೀಚರ್ ಎರಡು ಸಲ ಕರೆಸಿ ಹೇಳಿದರು. "ಎರಡು ದೋಣಿಯಲ್ಲಿ ಕಾಲಿಟ್ಟರೆ ಹೀಗೇ ಆಗೋದು" ಅಂದರು. ಬೆಳಗಿನ ಪ್ರ್ಯಾಕ್ಟೀಸ್ ತಪ್ಪಿಸಿದರೆ ಮೂರು ತಿಂಗಳಲ್ಲಿ ಬರುವ ಆಯ್ಕೆ ಸ್ಪರ್ಧೆ ಮರೆತುಬಿಡಿ ಅನ್ನುತ್ತಾರೆ ಕೋಚ್. ವಾರ್ಷಿಕ ಪರೀಕ್ಷೆಗೆ ಇನ್ನೂ ಐದು ತಿಂಗಳಿದೆ. ಅವಳ ಅಪ್ಪ ಪರೀಕ್ಷೆ ಮುಗಿಯೋವರೆಗೆ ಈಜು ನಿಲ್ಲಿಸೋಣ ಅಂತಾರೆ. ಅವಳು ಆ ಮಾತೆತ್ತಿದರೇ ಅಳುತ್ತಾಳೆ. ಗಣಿತಕ್ಕೆ ಇನ್ನೊಂದು ಟ್ಯೂಷನ್ ಹಾಕಿಸಲೋ, ಈಜು ಬಿಡಿಸಲೋ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ನೀವು ಬರೆದಿರುವುದರಲ್ಲಿ ನನ್ನ ಕಣ್ಣು ಮೊದಲು ನಿಂತದ್ದು 58ರ ಮೇಲಲ್ಲ, 11 ಮತ್ತು 4.15ರ ಮೇಲೆ. ಈ ಎರಡರ ನಡುವೆ ಇರುವುದು ಐದೂಕಾಲು ಗಂಟೆ. 13ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಹೇಳಿತು. ನಿಮ್ಮ ಮಗಳು ವಾರದ ಐದು ರಾತ್ರಿ ಅದರ ಹತ್ತಿರವೂ ಸುಳಿಯುತ್ತಿಲ್ಲ. ಇನ್ನೊಂದು ಟ್ಯೂಷನ್ ಹಾಕಿಸಿದರೆ ಅದಕ್ಕೆ ಬೇಕಾದ ಗಂಟೆಗಳೂ ಈ ಐದೂಕಾಲರಿಂದಲೇ ಹೋಗಬೇಕು.

ವಾರದ ಲೆಕ್ಕ ಹಾಕಿ ನೋಡೋಣ. ವಾರಕ್ಕೆ 168 ಗಂಟೆ. ನೀರಿನಲ್ಲಿ 21, ಈಜುಕೊಳಕ್ಕೆ ಓಡಾಟ 10. ಶಾಲೆ, ಅದರ ಓಡಾಟ ಸೇರಿ ಸುಮಾರು 42 ಎಂದಿಟ್ಟುಕೊಳ್ಳಿ. ಸ್ನಾನ, ಊಟ, ಬಟ್ಟೆಬರೆ ಎಂದು ದಿನಕ್ಕೆ ಎರಡೂವರೆ ಗಂಟೆಯಂತೆ ಹದಿನೇಳೂವರೆ. ದಿನಕ್ಕೆ ಎಂಟೂವರೆ ಗಂಟೆ ನಿದ್ದೆ ಕೊಟ್ಟರೆ ಅದಕ್ಕೆ ಐವತ್ತೊಂಬತ್ತೂವರೆ. ಉಳಿಯುವುದು 18. ಟ್ಯೂಷನ್ ಏಳೂವರೆ, ಹೋಮ್‌ವರ್ಕ್ ಏಳೂವರೆ, ಭಾನುವಾರ ಮೂರು ಗಂಟೆ ಓದು ಸೇರಿಸಿದರೆ ಅದೂ 18. ಕಾಗದದ ಮೇಲೆ ಎಲ್ಲವೂ ಹೊಂದಿಕೊಳ್ಳುತ್ತದೆ! ಕೋಚ್ ಆಗಲಿ ಟೀಚರ್ ಆಗಲಿ "ಸ್ವಲ್ಪ ಮನಸ್ಸಿಟ್ಟರೆ ಆಗುತ್ತೆ" ಅನ್ನುವುದು ಈ ಲೆಕ್ಕ ನೋಡಿಯೇ. ಆದರೆ ಇದರಲ್ಲಿ ಗೆಳತಿಯರ ಜೊತೆ ಹರಟಲು, ಸುಮ್ಮನೆ ಮಲಗಿ ಮೇಲೆ ನೋಡಲು ಒಂದು ನಿಮಿಷವೂ ಇಲ್ಲ. ಒಂದು ದಿನ ಜ್ವರ ಬಂದರೆ, ಒಂದು ವಾರಾಂತ್ಯ ಸ್ಪರ್ಧೆಗೆ ಹೋದರೆ ಇಡೀ ವಾರ ಹಳಿ ತಪ್ಪುತ್ತದೆ.

ಇನ್ನೊಂದು ತೊಡಕು, ಗಂಟೆಗಳು ಬೇಕಾದ ಜಾಗದಲ್ಲಿ ಸಿಗುವುದಿಲ್ಲ. ಬಿಡುವಿರುವುದು ಶನಿವಾರ, ಭಾನುವಾರ. ನಿದ್ದೆಯ ಸಾಲ ಏರುವುದು ಸೋಮವಾರದಿಂದ ಶುಕ್ರವಾರ. ಅವಳು ಶುಕ್ರವಾರ ರಾತ್ರಿ ಏಳು ಗಂಟೆ ಹೊತ್ತು, ಶನಿವಾರ ರಾತ್ರಿ ಹನ್ನೊಂದು ಗಂಟೆ ಹೊತ್ತು ಮಲಗುತ್ತಾಳೆ ಎಂದುಕೊಂಡರೂ ವಾರದ ಒಟ್ಟು ನಿದ್ದೆ ಸುಮಾರು 44 ಗಂಟೆ ಮಾತ್ರ. ಸುಮಾರು 15 ಗಂಟೆ ಖೋತಾ, ಅಂದರೆ ವಾರಕ್ಕೆ ಹೆಚ್ಚುಕಡಿಮೆ ಎರಡು ಇಡೀ ರಾತ್ರಿ. ಭಾನುವಾರ ಹತ್ತು ಗಂಟೆಯವರೆಗೆ ಮಲಗಿದರೆ ಅಂದು ರಾತ್ರಿ ಬೇಗ ನಿದ್ದೆ ಹತ್ತದು, ಸೋಮವಾರ ಬೆಳಗ್ಗೆ ಇನ್ನೂ ಕಷ್ಟ. ತರಗತಿಯಲ್ಲಿ ತೂಕಡಿಸಿದ್ದು ಯಾವ ದಿನ ಎಂದು ಟೀಚರನ್ನು ಕೇಳಿ ನೋಡಿ. ಸೋಮವಾರ, ಮಂಗಳವಾರದ ಹೆಸರು ಬಂದರೆ ನನಗೆ ಆಶ್ಚರ್ಯವಾಗುವುದಿಲ್ಲ.

"ಎಂಟಕ್ಕೇ ಮಲಗಲಿ ಬಿಡಿ" ಎಂದು ಹೇಳುವುದು ಸುಲಭ. ಆದರೆ ಈ ವಯಸ್ಸಿನಲ್ಲಿ ಮಿದುಳಿನ ಗಡಿಯಾರವೇ ತಡವಾಗಿ ನಡೆಯುತ್ತದೆ. ನಿದ್ದೆ ಬರಿಸುವ ಮೆಲಟೋನಿನ್ ಚಿಕ್ಕ ಮಕ್ಕಳಿಗಿಂತ ತಡವಾಗಿ ಏರುತ್ತದೆ, ಬೆಳಗ್ಗೆ ತಡವಾಗಿ ಇಳಿಯುತ್ತದೆ. 4.15ಕ್ಕೆ ಎಬ್ಬಿಸುವುದೆಂದರೆ ಅವಳ ದೇಹದ ಪಾಲಿಗೆ ನಡುರಾತ್ರಿಯಲ್ಲಿ ಎಬ್ಬಿಸಿದಂತೆ. ಕನಸಿನ ನಿದ್ದೆ ಹೆಚ್ಚಾಗಿ ಬರುವುದು ರಾತ್ರಿಯ ಕೊನೆಯ ಭಾಗದಲ್ಲಿ. ಅಲಾರಂ ಕತ್ತರಿಸುವುದು ಅದನ್ನೇ. ಹಗಲು ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ಬೀಜಗಣಿತ ಮಾತ್ರವಲ್ಲ, ಗೋಡೆ ಮುಟ್ಟಿ ತಿರುಗುವ ಟರ್ನ್ ಕೂಡ. ಈ ಮಾತು ನಿಮಗಿಂತ ಕೋಚ್ ಕಿವಿಗೆ ಬೀಳಬೇಕು.

ಗಾಯದ ವಿಷಯವೂ ಇಲ್ಲೇ ಬರುತ್ತದೆ. ಶಾಲಾ ಕ್ರೀಡಾಪಟುಗಳ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಂಟು ಗಂಟೆಗಿಂತ ಕಡಿಮೆ ಮಲಗುವವರಲ್ಲಿ ಗಾಯವಾಗುವ ಸಂಭವ ಉಳಿದವರ 1.7 ಪಟ್ಟು ಇತ್ತು. ಆ ಗುಂಪು ಸಣ್ಣದು, ಹಾಗಾಗಿ ಅದನ್ನು ಕಲ್ಲಿನ ಮೇಲೆ ಬರೆದ ಸಂಖ್ಯೆ ಎಂದುಕೊಳ್ಳಬೇಡಿ. ಆದರೆ ಈಜುವವರಲ್ಲಿ ಮೊದಲು ಕೈಕೊಡುವುದು ಭುಜ, ಮತ್ತು ಭುಜ ನೋವಾದರೆ ಆಯ್ಕೆ ಸ್ಪರ್ಧೆಯ ಪ್ರಶ್ನೆಯೇ ಉಳಿಯುವುದಿಲ್ಲ.

ಇನ್ನು 58ರ ವಿಷಯ. ಒಟ್ಟು ಅಂಕ ನೋಡಿ ಏನೂ ತಿಳಿಯದು. ಗಣಿತದ ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಳೆದುಹೋದ 42 ಅಂಕಗಳನ್ನು ಮೂರು ಗುಂಪು ಮಾಡಿ. ಮೊದಲನೆಯದು, ಪಾಠವೇ ಗೊತ್ತಿಲ್ಲದ ಪ್ರಶ್ನೆಗಳು. ಎರಡನೆಯದು, ಗೊತ್ತಿದ್ದೂ ತಪ್ಪಿದವು: ಕಂಸದ ಹೊರಗಿನ 3ನ್ನು ಒಳಗಿನ ಮೊದಲ ಪದಕ್ಕೆ ಮಾತ್ರ ಗುಣಿಸಿ ಎರಡನೆಯದನ್ನು ಹಾಗೇ ಬಿಡುವುದು, ಮುಂದಿನ ಸಾಲಿಗೆ ಇಳಿಸುವಾಗ ಮೈನಸ್ 7 ಹೋಗಿ ಪ್ಲಸ್ 7 ಆಗುವುದು, ಪ್ರಶ್ನೆಯಲ್ಲಿ 16 ಇದ್ದದ್ದನ್ನು 61 ಎಂದು ಬರೆದುಕೊಳ್ಳುವುದು. ಮೂರನೆಯದು, ಸಮಯ ಸಾಲದೆ ಮುಟ್ಟದೇ ಬಿಟ್ಟವು.

ಎರಡು, ಮೂರನೆಯ ಗುಂಪು ದೊಡ್ಡದಿದ್ದರೆ ಅದಕ್ಕೆ ಟ್ಯೂಷನ್ ಮದ್ದಲ್ಲ. ನಿದ್ದೆಗೆಟ್ಟ ತಲೆ ತಿಳಿದದ್ದನ್ನು ಮರೆಯುವುದಕ್ಕಿಂತ ಹೆಚ್ಚಾಗಿ ಕೆಲಸದ ನಡುವೆ ಜಾರುತ್ತದೆ, ನಿಧಾನವಾಗುತ್ತದೆ. ಮೊದಲನೆಯ ಗುಂಪು ದೊಡ್ಡದಿದ್ದರೆ ಆ ಪ್ರಶ್ನೆಗಳು ಯಾವ ಅಧ್ಯಾಯದವು ನೋಡಿ, ಆ ಅಧ್ಯಾಯ ತರಗತಿಯಲ್ಲಿ ನಡೆದ ದಿನಾಂಕಗಳನ್ನು ಅವಳ ಸ್ಪರ್ಧೆಯ ಪ್ರವಾಸಗಳ ದಿನಾಂಕದ ಜೊತೆ ಇಟ್ಟು ನೋಡಿ. ಬಹಳ ಸಲ ಗುಟ್ಟು ಅಲ್ಲೇ ಬಯಲಾಗುತ್ತದೆ. ಸಮಾಜ ವಿಜ್ಞಾನದಲ್ಲಿ ಮೂರು ದಿನ ತಪ್ಪಿದರೆ ಮೂರು ದಿನದ ಪಾಠ ಹೋಗುತ್ತದೆ, ಅಷ್ಟೆ. ಗಣಿತದಲ್ಲಿ ಅಪವರ್ತನ ಹೇಳಿಕೊಟ್ಟ ಮೂರು ದಿನ ತಪ್ಪಿದರೆ ಅದರ ಮೇಲೆ ಕಟ್ಟುವ ಮುಂದಿನ ಎರಡು ಅಧ್ಯಾಯಗಳೂ ಅಲುಗಾಡುತ್ತವೆ. ಹುಡುಗಿ "ನನಗೆ ಗಣಿತ ಬರಲ್ಲ" ಅನ್ನತೊಡಗುತ್ತಾಳೆ, ಬಾರದಿರುವುದು ಮೂರು ದಿನದ ಪಾಠ ಮಾತ್ರ. ಅದಕ್ಕೆ ಬೇಕಿರುವುದು ಐದಾರು ಗಂಟೆಯ ಗುರಿಯಿಟ್ಟ ಕೆಲಸ, ವರ್ಷಪೂರ್ತಿ ಇನ್ನೊಂದು ಟ್ಯೂಷನ್ ಅಲ್ಲ.

ನಿಮ್ಮ ಸುತ್ತ ಕೇಳಿಬರುವ ಕೆಲವು ಮಾತುಗಳನ್ನು ಸ್ವಲ್ಪ ಜರಡಿ ಹಿಡಿಯಬೇಕು. ಆಟ ಆಡುವ ಮಕ್ಕಳು ಓದಿನಲ್ಲಿ ಹಿಂದೆ ಬೀಳುತ್ತಾರೆ ಎಂಬುದು ನಿಜವಲ್ಲ. ನಿತ್ಯದ ದೈಹಿಕ ಚಟುವಟಿಕೆ ಗಮನಶಕ್ತಿಗೆ ಒಳ್ಳೆಯದೇ. ಆದರೆ ಆ ಮಾತನ್ನು ವಾರಕ್ಕೆ 21 ಗಂಟೆಯ ತರಬೇತಿಗೂ ಹಾಗೇ ಅಂಟಿಸುವುದು ತಪ್ಪು. ಮಗುವಿನ ವಯಸ್ಸು ಎಷ್ಟೋ ವಾರದ ತರಬೇತಿ ಅಷ್ಟು ಗಂಟೆಗಿಂತ ಮೀರದಿರಲಿ ಎಂಬ ಒಂದು ಅಂದಾಜು ಸೂತ್ರವನ್ನು ಕ್ರೀಡಾವೈದ್ಯರು ಬಳಸುತ್ತೇವೆ. ಈಜಿನಲ್ಲಿ ಅದನ್ನು ಮೀರುವುದು ಸಾಮಾನ್ಯ; ನೆಲಕ್ಕೆ ಬಡಿಯುವ ಆಟಗಳಷ್ಟು ಪೆಟ್ಟು ನೀರಿನಲ್ಲಿ ಮೂಳೆಗೆ ಬೀಳುವುದಿಲ್ಲ ನಿಜ. ಭುಜಕ್ಕೂ ನಿದ್ದೆಗೂ ಆ ರಿಯಾಯಿತಿ ಇಲ್ಲ. ಇನ್ನು, ಆಟದ ಶಿಸ್ತು ತಾನಾಗಿಯೇ ಓದಿಗೂ ಬರುತ್ತದೆ ಅನ್ನುವವರಿದ್ದಾರೆ. ಬರುವುದಿಲ್ಲ. ಕೊಳದಲ್ಲಿ ಏನು ಮಾಡಬೇಕೆಂದು ಕೋಚ್ ಬೋರ್ಡಿನ ಮೇಲೆ ಬರೆದಿಟ್ಟಿರುತ್ತಾರೆ. ಓದಿನ ಮೇಜಿನ ಮೇಲೆ ಹಾಗೆ ಬರೆದಿಡುವವರು ಯಾರೂ ಇಲ್ಲ.

ಅಪ್ಪ ಹೇಳುವ "ಪರೀಕ್ಷೆ ಮುಗಿಯೋವರೆಗೆ ಪೂರ್ತಿ ನಿಲ್ಲಿಸೋಣ" ಎಂಬುದರ ಅಪಾಯ ಮೊದಲು ತಿಳಿದಿರಲಿ. ನೀರು ಬಿಟ್ಟ ಎರಡರಿಂದ ನಾಲ್ಕು ವಾರದಲ್ಲಿ ದಮ್ಮು ಇಳಿಯತೊಡಗುತ್ತದೆ, ನೀರಿನ ಹಿಡಿತ ಅದಕ್ಕೂ ಮೊದಲೇ ಹೋಗುತ್ತದೆ. ಐದು ತಿಂಗಳು ಬಿಟ್ಟು ಬಂದವರು ಹಳೆಯ ಟೈಮಿಂಗ್‌ಗೆ ಮರಳಲು ಅವಸರಪಟ್ಟು ಭುಜ ಕೆಡಿಸಿಕೊಳ್ಳುವುದೇ ಹೆಚ್ಚು. ಉಳಿದ 31 ಗಂಟೆಯೂ ಪುಸ್ತಕಕ್ಕೆ ಹೋಗುತ್ತದೆ ಎಂದುಕೊಂಡಿದ್ದರೆ ಅದೂ ಆಗದು. ಮನಸ್ಸಿಲ್ಲದೆ ಬಿಟ್ಟ ಮಗುವಿನ ಕೈಗೆ ಮೊದಲು ಬರುವುದು ಫೋನ್. ಆದರೆ ಅಪ್ಪನ ಮಾತಿನಲ್ಲಿ ಹುರುಳಿಲ್ಲ ಎಂದಲ್ಲ. ಪರೀಕ್ಷೆಯ ಹತ್ತಿರ ಭಾರ ಇಳಿಸಬೇಕು, ಎಷ್ಟು ಎಂಬುದಷ್ಟೇ ಪ್ರಶ್ನೆ. ಹಾಗೆಯೇ ಏನೂ ಬದಲಿಸದೆ ಎಳೆದುಕೊಂಡು ಹೋಗುವುದೂ ಒಂದು ಆಯ್ಕೆ, ಬಹಳ ಮನೆಗಳು ಅದನ್ನೇ ಮಾಡುತ್ತವೆ. ಅದರ ಕೊನೆಯಲ್ಲಿ ಅಂಕವೂ ಟೈಮಿಂಗೂ ಒಟ್ಟಿಗೆ ಕುಸಿದು, ಹುಡುಗಿ ತಾನಾಗಿಯೇ ಎರಡನ್ನೂ ಕೈಬಿಡುತ್ತಾಳೆ.

ನಾನು ಸೂಚಿಸುವುದು ಬೆಳಗಿನ ಐದು ಪ್ರ್ಯಾಕ್ಟೀಸ್‌ಗಳನ್ನು ಎರಡಕ್ಕೆ ಇಳಿಸುವುದು, ಮಂಗಳವಾರ ಮತ್ತು ಶುಕ್ರವಾರ ಎನ್ನೋಣ. ಸಂಜೆಯದು, ಶನಿವಾರದ್ದು ಹಾಗೇ ಇರಲಿ. ನೀರಿನಲ್ಲಿ 15 ಗಂಟೆ ಉಳಿಯುತ್ತದೆ. ಓಡಾಟ ಸೇರಿ 9 ಗಂಟೆ ಕೈಗೆ ಬರುತ್ತದೆ. ಟ್ಯೂಷನ್ ಐದರಿಂದ ಎರಡು ದಿನಕ್ಕೆ: ಪ್ರ್ಯಾಕ್ಟೀಸ್ ಇಲ್ಲದ ಬುಧವಾರ ಸಂಜೆ ಮತ್ತು ಶನಿವಾರ ಮಧ್ಯಾಹ್ನ. ಸೋಮವಾರ, ಗುರುವಾರ ರಾತ್ರಿ 9.15ಕ್ಕೆ ದೀಪ ಆರಲೇಬೇಕು, ಮರುದಿನ 4.15ಕ್ಕೆ ಏಳಬೇಕಲ್ಲ, ಆಗಲೂ ಸಿಗುವುದು ಏಳೇ ಗಂಟೆ. ಭಾನುವಾರ, ಮಂಗಳವಾರ, ಬುಧವಾರ ರಾತ್ರಿ 10.15ಕ್ಕೆ ಮಲಗಿ 6.45ಕ್ಕೆ ಏಳಲಿ. ಶುಕ್ರವಾರ 10ರಿಂದ 6. ಶನಿವಾರ ರಾತ್ರಿ 10.30ಕ್ಕೆ ಮಲಗಿದವಳು ಭಾನುವಾರ 8ಕ್ಕೆ ಏಳಲಿ, 10ಕ್ಕಲ್ಲ. ಒಟ್ಟು 57 ಗಂಟೆ ಆಗುತ್ತದೆ, ಈಗಿನದಕ್ಕಿಂತ ಹೆಚ್ಚುಕಡಿಮೆ 13 ಗಂಟೆ ಹೆಚ್ಚು. ಮೊದಲ ವಾರ 10.15ಕ್ಕೆ ನಿದ್ದೆ ಬರುವುದಿಲ್ಲ ಎಂದು ಗೊಣಗುತ್ತಾಳೆ, ಗೊಣಗಲಿ. ಫೋನ್ ಚಾರ್ಜಿಗೆ ಹಾಕುವ ಜಾಗ ಅವಳ ಕೋಣೆಯ ಹೊರಗಿರಲಿ. ಸಂಜೆಯ ಕಾಫಿ, ಎನರ್ಜಿ ಡ್ರಿಂಕ್ ಬಿಡಿಸಿ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ರಕ್ತದಲ್ಲಿರುತ್ತದೆ.

ಇದಕ್ಕೆ ಕೋಚ್ ಒಪ್ಪಬೇಕು. "ಓದಿಗೆ ತೊಂದರೆ ಆಗ್ತಿದೆ ಸರ್" ಎಂದು ಶುರು ಮಾಡಿದರೆ ಅವರು ದಿನಕ್ಕೆ ಹತ್ತು ಸಲ ಕೇಳುವ ಮಾತೇ ಅದು, ಉತ್ತರವೂ ಸಿದ್ಧವಿರುತ್ತದೆ. ಅವರ ಡೈರಿಯಿಂದಲೇ ಶುರು ಮಾಡಿ. ಹೆಚ್ಚಿನ ಕೋಚ್‌ಗಳು ಕೆಲವು ವಾರಗಳಿಗೊಮ್ಮೆ ಒಂದು ಪರೀಕ್ಷಾ ಸೆಟ್ ಮಾಡಿಸುತ್ತಾರೆ, ಒಂದೇ ಸಮಯದ ಅಂತರದಲ್ಲಿ ಹತ್ತು ಸಲ 100 ಮೀಟರ್ ಈಜುವುದು ಅಂಥದ್ದು. ಕಳೆದ ಎಂಟು ವಾರದ ಸರಾಸರಿ ಕೇಳಿ. ಕೊನೆಯ ಮೂರು ನೂರುಗಳು ಮೊದಲ ಮೂರಕ್ಕಿಂತ ಎಷ್ಟು ಸೆಕೆಂಡ್ ಜಾರುತ್ತಿವೆ ಎಂದೂ ಕೇಳಿ. ಒಂದು ದಿನವೂ ತಪ್ಪಿಸದೆ ಬಂದು, ಎಂಟು ವಾರದಲ್ಲಿ ಸುಧಾರಣೆ ಇಲ್ಲದಿದ್ದರೆ, ಹುಡುಗಿ ತರಬೇತಿಯನ್ನು ಜೀರ್ಣಿಸಿಕೊಳ್ಳುತ್ತಿಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ನಂತರ ಕೇಳಿ: ಐದು ಬೆಳಗಿನಲ್ಲಿ ಮುಖ್ಯ ಸೆಟ್ ಇರುವುದು ಯಾವ ಎರಡು ದಿನ? ಉಳಿದ ದಿನಗಳ ಕಿಕ್, ಡ್ರಿಲ್ ಕೆಲಸದಲ್ಲಿ ಎಷ್ಟನ್ನು ಸಂಜೆಗೆ ಸೇರಿಸಬಹುದು? ದಮ್ಮು ಕಟ್ಟಲು ಮೈಲಿಗಟ್ಟಲೆ ಈಜಬೇಕು ಎಂಬ ಅವರ ಮಾತು 400 ಮೀಟರಿಗೆ ಸುಳ್ಳಲ್ಲ, ಅದನ್ನು ಗೌರವಿಸಿ. ಆದರೆ ಐದು ಗಂಟೆ ಮಲಗಿ ಬಂದವಳು ಈಜುವ ಮೈಲಿಗೆ ಆ ಬೆಲೆ ಇಲ್ಲ. ನಾಲ್ಕು ವಾರ ಪ್ರಯೋಗ ಮಾಡೋಣ, ಅದೇ ಸೆಟ್ಟಿನ ಟೈಮ್ ನೋಡಿ ನೀವೇ ಹೇಳಿ ಎಂದು ತೀರ್ಮಾನ ಅವರಿಗೇ ಬಿಡಿ. ಅಷ್ಟಕ್ಕೂ ಒಪ್ಪದೆ ಹಟ ಹಿಡಿದರೆ, ಮೂರು ಬೆಳಗಿಗೆ ಒಪ್ಪಂದ ಮಾಡಿಕೊಳ್ಳಿ, ನಾಲ್ಕಕ್ಕೆ ಬೇಡ.

ನಿಮಗೆ ಅನುಕೂಲವಾದ ಒಂದು ಸಂಗತಿ ನಿಮ್ಮ ಪ್ರಶ್ನೆಯಲ್ಲೇ ಇದೆ, ಆತಂಕದಲ್ಲಿ ನೀವು ಗಮನಿಸಿಲ್ಲ: ಸ್ಪರ್ಧೆ ಮೂರು ತಿಂಗಳಿಗೆ, ಪರೀಕ್ಷೆ ಐದು ತಿಂಗಳಿಗೆ. ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿಲ್ಲ. ದೊಡ್ಡ ಕಾಗದದ ಮೇಲೆ ಇಪ್ಪತ್ತು ವಾರಗಳನ್ನು ಸಾಲಾಗಿ ಗೆರೆ ಎಳೆದು, ಮೇಲೆ ಶಾಲೆಯ ಟೆಸ್ಟ್‌ಗಳನ್ನು, ಕೆಳಗೆ ಈಜಿನ ಸ್ಪರ್ಧೆಗಳನ್ನು ಬರೆಯಿರಿ. ಮುಖ್ಯ ಸ್ಪರ್ಧೆಗೆ ಸುಮಾರು ಎರಡು ವಾರ ಮೊದಲು ಕೋಚ್ ಟೇಪರ್ ಶುರು ಮಾಡುತ್ತಾರೆ. ವೇಗ ಹಾಗೇ ಇಟ್ಟು, ಈಜುವ ದೂರವನ್ನು ಅರ್ಧದ ಆಸುಪಾಸಿಗೆ ಇಳಿಸುತ್ತಾರೆ. ಅಂದರೆ 11, 12ನೇ ವಾರದಲ್ಲಿ ಅವಳಿಗೆ ಸಮಯ ಸಿಗುತ್ತದೆ, ಮೈಯಲ್ಲಿ ಕಸುವೂ ಇರುತ್ತದೆ. ಹಿಂದೆ ಬಿದ್ದ ಗಣಿತದ ಅಧ್ಯಾಯಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಮನೆಯಲ್ಲಿ ಕೂತು ಸ್ಪರ್ಧೆಯ ಚಿಂತೆ ಮಾಡುವುದೂ ತಪ್ಪುತ್ತದೆ. ಸ್ಪರ್ಧೆ ಮುಗಿದ ಮೇಲೆ ಒಂದೆರಡು ವಾರ ಪೂರ್ತಿ ವಿಶ್ರಾಂತಿ, ಅದು ಹೇಗೂ ಬೇಕು. 15ನೇ ವಾರದಿಂದ ಪರೀಕ್ಷೆಯವರೆಗೆ ವಾರಕ್ಕೆ ಎರಡು ಅಥವಾ ಮೂರು ಸಂಜೆ ಸಾಕು, ಬೆಳಗಿನದು ಒಂದೂ ಬೇಡ. ದೂರ ಕಡಿಮೆಯಾದರೂ ವೇಗದ ಕೆಲಸ ಉಳಿಸಿಕೊಂಡರೆ ಕಟ್ಟಿದ ದಮ್ಮು ಆರು ವಾರದಲ್ಲಿ ಕರಗಿಹೋಗುವುದಿಲ್ಲ. ಅವಳ ಅಪ್ಪನಿಗೂ ಇದರಲ್ಲಿ ಅವರು ಕೇಳಿದ್ದರ ಬಹುಪಾಲು ಸಿಗುತ್ತದೆ.

ಓದಿನ ವಿಧಾನವೂ ಸ್ವಲ್ಪ ಬದಲಾಗಬೇಕು. ರಾತ್ರಿ ಹತ್ತರ ಹೊತ್ತಿಗೆ ದಣಿದ ಮಕ್ಕಳು ಮಾಡುವುದು ನೋಟ್ಸ್ ಮೇಲೆ ಮತ್ತೆ ಮತ್ತೆ ಕಣ್ಣಾಡಿಸುವುದು, ಹಳದಿ ಪೆನ್ನಿನಲ್ಲಿ ಗೆರೆ ಎಳೆಯುವುದು. ಓದಿದ ಹಾಗೆ ಅನ್ನಿಸುತ್ತದೆ, ಉಳಿಯುವುದು ಕಡಿಮೆ. ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆದು, ಆಮೇಲೆ ತೆರೆದು ತಾಳೆ ನೋಡುವುದು ಕಷ್ಟ, ಆದರೆ ಗಟ್ಟಿ. ಅದನ್ನೇ ಮರುದಿನ ಒಮ್ಮೆ, ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ, ವಾರದ ನಂತರ ಒಮ್ಮೆ ಮಾಡಲಿ. ಪ್ರ್ಯಾಕ್ಟೀಸ್ ಮುಗಿಸಿ ಬಂದ ಕೂಡಲೇ ಪುಸ್ತಕ ಹಿಡಿಸಬೇಡಿ. ತಿಂದು ಅರ್ಧ ಗಂಟೆಯಾದ ಮೇಲೆ 35–40 ನಿಮಿಷದ ಎರಡು ಬೈಠಕ್, ಮೊದಲನೆಯದು ಗಣಿತಕ್ಕೆ. ಗಾಡಿಯಲ್ಲಿ ಓದಿಸುವುದು ಬೇಡ, ತಲೆ ಸುತ್ತುತ್ತದೆ. ಇವತ್ತಿನ ವಿಜ್ಞಾನದ ಪಾಠ ನನಗೆ ಹೇಳಿಕೊಡು ಅನ್ನಿ, ಅದು ಓದಿಗಿಂತ ಮೇಲು. ಸ್ಪರ್ಧೆಗಾಗಿ ಶಾಲೆ ತಪ್ಪುವುದಿದ್ದರೆ ವಾರ ಮೊದಲೇ ಗಣಿತದ ಟೀಚರನ್ನು ಕಂಡು, ತಪ್ಪುವ ಪ್ರತಿ ಪೀರಿಯಡ್ಡಿಗೆ ಎರಡು ಬಿಡಿಸಿದ ಲೆಕ್ಕ, ಎರಡು ಬಿಡಿಸದ ಲೆಕ್ಕ ಕೇಳಿ ತನ್ನಿ. ಗೆಳತಿಯ ನೋಟ್ಸ್‌ನಲ್ಲಿ ಉತ್ತರ ಇರುತ್ತದೆ, ದಾರಿ ಇರುವುದಿಲ್ಲ.

ಇವೆಲ್ಲಕ್ಕೂ ಮೊದಲು, ಈ ವಾರವೇ, ಅವಳನ್ನು ವೈದ್ಯರಿಗೆ ತೋರಿಸಿ. ಅಷ್ಟು ಈಜುವ ಹುಡುಗಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿಗಿಳಿಯುತ್ತಿದ್ದರೆ, ಅವಸರದಲ್ಲಿ ತಿಂಡಿ ಅರ್ಧ ಬಿಟ್ಟು ಶಾಲೆಗೆ ಓಡುತ್ತಿದ್ದರೆ, ಖರ್ಚಾದ ಶಕ್ತಿಯಷ್ಟು ಒಳಗೆ ಹೋಗುತ್ತಿರುವುದಿಲ್ಲ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಎಂದು ಹೆಸರಿಟ್ಟಿತು: ಶಕ್ತಿ ಸಾಲದೆ ದೇಹ ಮುಟ್ಟು, ಮೂಳೆ, ರೋಗನಿರೋಧಕ ಶಕ್ತಿ, ಏಕಾಗ್ರತೆ ಎಲ್ಲದರಲ್ಲೂ ಕಡಿತ ಮಾಡುತ್ತದೆ. ಮುಟ್ಟು ಮೂರು ತಿಂಗಳು ತಪ್ಪಿದ್ದರೆ "ಆಟ ಆಡೋರಿಗೆ ಹಾಗೇ" ಎಂದು ಬಿಡಬೇಡಿ. 15 ತುಂಬಿದರೂ ಶುರುವಾಗದಿದ್ದರೆ ಆಗಲೂ ಬಿಡಬೇಡಿ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಜೊತೆ, ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಕೂಡ ಕೇಳಿ. ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ದಾಸ್ತಾನು ಬರಿದಾಗಿರುವುದು ಈ ವಯಸ್ಸಿನ ಹುಡುಗಿಯರಲ್ಲಿ ಅಪರೂಪವಲ್ಲ, ಅದು ಸುಸ್ತಿಗೂ ಕಾರಣವಾಗಬಹುದು. ಪರೀಕ್ಷೆ ಮಾಡಿಸದೆ ಕಬ್ಬಿಣದ ಮಾತ್ರೆ ಶುರು ಮಾಡಬೇಡಿ.

ಅಳುವಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಈಜು ಬಿಡಬೇಕಲ್ಲ ಎಂದು ಅಳುತ್ತಾಳೋ, ಅಪ್ಪ ಅಮ್ಮ ಇಷ್ಟು ವರ್ಷ ಓಡಾಡಿದ್ದು ವ್ಯರ್ಥವಾಯಿತಲ್ಲ ಎಂದೋ? ಕೇಳದೆ ತಿಳಿಯದು. ಸ್ಪರ್ಧೆ ಮುಗಿಸಿ ಮನೆಗೆ ಬರುವ ದಾರಿಯಲ್ಲಿ ಕೇಳಬೇಡಿ, ಅಂಕಪಟ್ಟಿ ಬಂದ ದಿನವೂ ಬೇಡ. ಕೋಚ್ ಬಳಿ ಹೋಗುವ ಮೊದಲು ಬೆಳಗಿನ ಯಾವ ಎರಡು ದಿನ ಉಳಿಸಿಕೊಳ್ಳಬೇಕು ಎಂದು ಅವಳನ್ನೇ ಕೇಳಿ. "ಒಂದೂ ಬೇಡ" ಎಂಬ ಉತ್ತರ ಬಂದರೆ ಅದನ್ನೂ ಬೈಯದೆ ಕೇಳಿಸಿಕೊಳ್ಳಿ.

ನಾಲ್ಕು ವಾರದ ನಂತರ ಮೂರು ಸಂಗತಿ ನೋಡಿ. ಅಲಾರಂ ಇಲ್ಲದೆ ಅಥವಾ ಒಂದೇ ಅಲಾರಂಗೆ ಏಳುವ ದಿನಗಳು ಹೆಚ್ಚಿವೆಯೇ, ಹತ್ತು ನೂರುಗಳ ಕೊನೆಯ ಮೂರು ಮೊದಲಿನಷ್ಟೇ ಜಾರುತ್ತಿವೆಯೇ, ಮುಂದಿನ ಗಣಿತ ಟೆಸ್ಟಿನಲ್ಲಿ ಎರಡನೆಯ ಗುಂಪು ಸಣ್ಣದಾಗಿದೆಯೇ. ಒಟ್ಟು ಅಂಕ ಆಗಲೇ ಏರಿರಬೇಕೆಂದಿಲ್ಲ. ಮೂರರಲ್ಲಿ ಒಂದೂ ಕದಲದಿದ್ದರೆ ರಕ್ತಪರೀಕ್ಷೆಯ ವರದಿ ಮತ್ತು ಆ ನಾಲ್ಕು ವಾರದ ನಿದ್ದೆಯ ಲೆಕ್ಕ ಜೊತೆಗಿಟ್ಟು ಮತ್ತೆ ಬರೆಯಿರಿ.